ಸೋಸಿದ ಮೇಲೂ ಕುದಿಸಿ

ನಾನು ಚಿಕ್ಕವಳಿದ್ದಾಗ ರಾಯಚೂರು ಕಡೆಯ ನಮ್ಮೂರಲ್ಲಿ ಕುಡಿಯೋದಕ್ಕೆ ಮೆಟ್ಟಿಲು ಬಾವಿಯ ನೀರೇ. ಕೊಡ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದು ತುಂಬಿಕೊಂಡು ಬರುತ್ತಿದ್ದೆವು. ನಾರುಹುಣ್ಣು ಮನೆಗೆ ಬಂದದ್ದು ಅದೇ ಕೊಡದಲ್ಲಿ. ದೊಡ್ಡಮ್ಮನ ಕಾಲಿನಲ್ಲಿ ಬೊಬ್ಬೆ ಎದ್ದು ಒಡೆಯಿತು, ಬಿಳಿ ದಾರದಂಥ ಹುಳ ಇಣುಕಿತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಚೂರು ಚೂರೇ ಎಳೆಯಬೇಕು. ಅವಸರ ಮಾಡಿದರೆ ಹುಳ ತುಂಡಾಗಿ ಒಳಗೆ ಕೀವಾಗುತ್ತದೆ. ಬಿತ್ತನೆ ಕಾಲದಲ್ಲಿ ದೊಡ್ಡಮ್ಮ ವಾರಗಟ್ಟಲೆ ಹಾಸಿಗೆ ಹಿಡಿದರು.

ಉರಿ ತಾಳದೆ ಕಾಲನ್ನು ನೀರಿಗಿಟ್ಟರೆ ಹುಳ ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಅನ್ನೋ ಪುಟ್ಟ ನೀರಿನ ಜೀವಿ ಅವನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಹುಣ್ಣು. ಇದಕ್ಕೆ ಲಸಿಕೆ ಇಲ್ಲ, ಹುಳ ಕೊಲ್ಲುವ ಮಾತ್ರೆಯೂ ಇಲ್ಲ. ಆದರೂ ದೇಶದಿಂದ ಹೋಯಿತು! ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗ ಹಾಕಿ ಸೇದುವಂತೆ ಮಾಡಿದರು, ಕೊಳವೆ ಬಾವಿ ಕೊರೆಸಿದರು, ಮನೆಮನೆಯಲ್ಲಿ ಬಟ್ಟೆ ಕಟ್ಟಿ ಸೋಸಿದೆವು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು.

ಸೋಸೋದಕ್ಕೂ ಒಂದು ಕ್ರಮ ಇದೆ. ಒತ್ತಾಗಿ ನೇಯ್ದ ಬಟ್ಟೆ ಬೇಕು, ತೂತು ಬಿದ್ದದ್ದು ಬೇಡ. ಒಂದು ಮೂಲೆಗೆ ಬಣ್ಣದ ದಾರ ಹೊಲಿದು ಗುರುತು ಮಾಡಿಕೊಳ್ಳಿ, ಯಾವಾಗಲೂ ಅದೇ ಮಗ್ಗುಲು ಮೇಲಿರಲಿ. ಮಗುಚಿ ಕಟ್ಟಿದರೆ ನಿನ್ನೆ ಹಿಡಿದದ್ದೆಲ್ಲ ಇವತ್ತು ಕೊಡಕ್ಕೇ ಬೀಳುತ್ತದೆ ಅಲ್ವಾ? ಬಟ್ಟೆಯನ್ನು ಬಾವಿಯಿಂದ ದೂರ ಒಗೆದು ಬಿಸಿಲಿಗೆ ಹಾಕಿ.

ಆದರೆ ಈಗಿನ ಕಾಟವೇ ಬೇರೆ. ಆಮಶಂಕೆ ತರುವ ಅಮೀಬಾ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಅಷ್ಟು ಸಣ್ಣ. ಬ್ಲೀಚಿಂಗ್ ಪುಡಿಗೂ ಸುಲಭಕ್ಕೆ ಸಾಯುವುದಿಲ್ಲ. ನಲ್ಲಿ ನೀರಿಗೆ ಔಷಧ ಹಾಕಿದ್ದಾರೆ ಅಂತ ಸುಮ್ನೆ ಕೂರಬೇಡಿ, ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಒಲೆ ಆರಿಸಿ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಲು ಬಿಡಿ. ನನಗೆ ಜಾಸ್ತಿ ಸಂಕಟವಾಗೋದು ಕುದಿಸಿದ ನೀರಿಗೆ ಲೋಟದ ಜೊತೆ ಬೆರಳನ್ನೂ ಅದ್ದುವುದನ್ನು ನೋಡಿದಾಗ. ಉದ್ದ ಹಿಡಿಯ ಸೌಟು ಇಟ್ಟು ಮಕ್ಕಳಿಗೂ ರೂಢಿ ಮಾಡಿಸಿ. ಹಸಿ ತಿನ್ನುವ ಕೊತ್ತಂಬರಿ, ಮೂಲಂಗಿಯನ್ನು ಕೊನೆಯ ಸಲ ಈ ನೀರಲ್ಲೇ ತೊಳೆಯಿರಿ.

ಮಗುವಿಗೆ ಭೇದಿಯಲ್ಲಿ ರಕ್ತ, ಲೋಳೆ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಓಆರ್‌ಎಸ್ ಕುಡಿಸುತ್ತಾ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.