ಬಿಜಿಎಂ (ಹಿನ್ನೆಲೆ ಸಂಗೀತ) ಹಾಕದೆ, ದೆವ್ವ ತೋರಿಸದೆ ಹಾರರ್ ಶಾರ್ಟ್ ಫಿಲ್ಮ್ ಮಾಡಿದ ನನ್ನ ಅನುಭವ

ತೀರ್ಥಹಳ್ಳಿ ಕಡೆ ಒಂದು ಹಳೇ ತೊಟ್ಟಿಮನೇಲಿ ಶೂಟ್ ಮಾಡಿದ ನನ್ನ ಹಾರರ್ ಶಾರ್ಟ್ ಫಿಲ್ಮ್ ನೋಡಿದವ್ರು ಸುಮಾರು ಜನ "ಸೌಂಡ್ ಏನ್ ಮಾಡಿದ್ರಿ, ಎದೆ ಹಿಡ್ಕೊಂಡಂಗಾಯ್ತು" ಅಂತ ಕೇಳ್ತಾನೇ ಇದಾರೆ, ಅದಕ್ಕೆ ಬರೀತಿದೀನಿ. ಕ್ಯಾಮೆರಾ, ರೆಕಾರ್ಡರ್, ಎಡಿಟಿಂಗ್ ಗೊತ್ತಿರೋರಿಗೆ ಮಾತ್ರ ಇದು, ಬೇಸಿಕ್ ಹೇಳ್ಕೊಂಡು ಕೂರಲ್ಲ.

ಮೊದ್ಲು ದುಡ್ಡು ಎಲ್ಲಿ ಹೋಯ್ತು ಅಂತ ಹೇಳ್ತೀನಿ. ಒಟ್ಟು ಒಂದೂವರೆ ಲಕ್ಷದ ಆಸುಪಾಸು ಖರ್ಚಾಯ್ತು. ಅದ್ರಲ್ಲಿ 22 ಸಾವಿರ ಪ್ರಾಸ್ತೆಟಿಕ್ ಮೇಕಪ್ಪಿಗೆ, ಅಂದ್ರೆ ಮುಖಕ್ಕೆ ಲೇಟೆಕ್ಸ್ ರಬ್ಬರ್ ಅಂಟಿಸಿ ಮಾಡೋ ಮೇಕಪ್. ಮಲೆನಾಡಿನ ಜೂನ್ ತೇವದಲ್ಲಿ ಆ ಲೇಟೆಕ್ಸ್ ಅಂಚು ಬಿಟ್ಕೊಂಡು ಬರ್ತಿತ್ತು, 50 ಎಂಎಂ ಲೆನ್ಸಲ್ಲಿ ಕ್ಲೋಸಪ್ ಇಟ್ರೆ ರಬ್ಬರ್ ಅಂತ ಎದ್ದು ಕಾಣ್ತಿತ್ತು, ಒಂದು ಶಾಟೂ ಫೈನಲ್ ಕಟ್ಟಿಗೆ ಬರ್ಲಿಲ್ಲ. ಫಾಗ್ ಮೆಷಿನ್ ಬಾಡಿಗೆ, ಅದರ ಲಿಕ್ವಿಡ್ ಸೇರಿ ಇನ್ನೊಂದು ಆರೇಳು ಸಾವಿರ. ತೊಟ್ಟಿಮನೆ ಅಂದ್ರೆ ನಡುವೆ ಆಕಾಶ ತೆರ್ಕೊಂಡಿರತ್ತೆ, ಬಿಟ್ಟ ಹೊಗೆ ಎಲ್ಲಾ ನೇರ ಮೇಲೆ! ಅದರ ಮೇಲೆ ಆ ಮೆಷಿನ್ ಹೀಟ್ ಆಗೋಕೆ ಶುರುವಾದ್ರೆ ಮನೆ ಫ್ಯೂಸ್ ತಡೀತಿರ್ಲಿಲ್ಲ.

ನಮ್ಮ ಟೀಮಲ್ಲಿ ಎಲ್ಲರದ್ದೂ ಒಂದೇ ಮಾತು, ದೆವ್ವದ ಮುಖ ಒಂದ್ಸಲ ಆದ್ರೂ ತೋರಿಸು, ಜೊತೆಗೆ ಢಂ ಅಂತ ಒಂದು ಸೌಂಡ್ ಹಾಕು, ಇಲ್ಲಾಂದ್ರೆ ಜನ ಸ್ಕಿಪ್ ಮಾಡ್ತಾರೆ. ಎಡಿಟರ್ ಅಂತೂ "ಬಿಜಿಎಂ ಇಲ್ದೆ ಹಾರರ್ ಎಲ್ಲಾದ್ರೂ ಉಂಟಾ ಗುರು" ಅಂದ. ಸಸ್ಪೆನ್ಸ್ ಸಿನಿಮಾಗಳ ಡೈರೆಕ್ಟರ್ ಹಿಚ್‌ಕಾಕ್ 1963ರಲ್ಲೇ 'ದಿ ಬರ್ಡ್ಸ್' ಮಾಡಿದಾಗ ಮಾಮೂಲಿ ಬಿಜಿಎಂ ಇಟ್ಟಿರ್ಲಿಲ್ಲ, ಟ್ರೌಟೋನಿಯಂ ಅನ್ನೋ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಹಕ್ಕಿ ಸದ್ದು ಹುಟ್ಟಿಸಿದ್ರು ಅಂತ ಹೇಳಿದೆ, ಅವನಿಗೆ ನಂಬಿಕೆ ಬರ್ಲಿಲ್ಲ. ಢಂ ಅನ್ನೋ ಸೌಂಡಿಗೆ ಮೈ ಬೆಚ್ಚತ್ತೆ ಅಷ್ಟೇ, ಎರಡು ಸೆಕೆಂಡ್ ಆದ್ಮೇಲೆ ಜನ ನಗ್ತಾರೆ. ನನಗೆ ಬೇಕಿದ್ದ ಭಯ ಅದಲ್ವೇ ಅಲ್ಲ.

ನಾನು ಹಿಡಿದ ದಾರಿ ಏನಂದ್ರೆ ಸೌಂಡ್ ಸೇರಿಸ್ತಾ ಹೋಗೋ ಬದ್ಲು ತೆಗೀತಾ ಹೋಗೋದು. ಮಳೆಗಾಲದ ರಾತ್ರಿ ಅಲ್ಲಿ ಎಷ್ಟು ಗಲಾಟೆ ಅಂತ ಮಲೆನಾಡಿನವ್ರಿಗೆ ಹೇಳ್ಬೇಕಾಗಿಲ್ಲ, ಕಪ್ಪೆ, ಜೀರುಂಡೆ, ಹಂಚಿಂದ ತೊಟ್ಟಿಕ್ಕೋ ನೀರು. ಇವನ್ನೆಲ್ಲ ಬೇರೆಬೇರೆ ರೆಕಾರ್ಡ್ ಮಾಡ್ಕೊಂಡು ಬೇರೆಬೇರೆ ಟ್ರ್ಯಾಕಲ್ಲಿ ಇಟ್ಟೆ. ರಾತ್ರಿ ಹುಳುಗಳ ಸದ್ದು ಹೆಚ್ಚಾಗಿ 4-5 ಕಿಲೋಹರ್ಟ್ಜ್ (ಸದ್ದು ಎಷ್ಟು ಕೀರಲು ಅಂತ ಹೇಳೋ ಅಳತೆ) ಸುತ್ತ ಕೂತಿರತ್ತೆ, ನಮ್ಮ ಕಿವಿ ಜಾಸ್ತಿ ಚುರುಕಾಗಿರೋದೂ ಸರಿಸುಮಾರು ಅಲ್ಲೇ, ಹಾಗಾಗಿ ಅದು ಕಮ್ಮಿ ಆದ್ರೆ ತಲೆಗೆ ಗೊತ್ತಾಗೋಕಿಂತ ಮೊದ್ಲು ಮೈಗೆ ಗೊತ್ತಾಗತ್ತೆ. ಸೀನ್ ಶುರುವಲ್ಲಿ ಎಲ್ಲಾ ಫುಲ್ ಇರತ್ತೆ, ಆಮೇಲೆ ಮುಕ್ಕಾಲು ನಿಮಿಷದ ಹತ್ರ ಹತ್ರ ತಗೊಂಡು ಮೊದ್ಲು ಕಪ್ಪೆ, ಆಮೇಲೆ ಹುಳು, ತುಂಬಾ ನಿಧಾನಕ್ಕೆ ಫೇಡರ್ (ಸದ್ದು ಏರಿಸಿ ಇಳಿಸೋ ಗುಂಡಿ) ಇಳಿಸ್ತೀನಿ, ಯಾರಿಗೂ ಗೊತ್ತಾಗ್ಬಾರ್ದು. ಯಾವ ಡೈಲಾಗ್ ಕೆಳಗೆ ಯಾವ್ದನ್ನ ಇಳಿಸಿದ್ರೆ ಗೊತ್ತಾಗಲ್ಲ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ.

ಕೊನೇಲಿ ಉಳಿಯೋದು ಫ್ರಿಜ್ ಗುಂಯ್ ಅನ್ನೋದೊಂದೇ. ಶೂಟಿಂಗಿಗೆ ಹೋದ ತಕ್ಷಣ ಎಲ್ರೂ ಮಾಡೋ ಮೊದ್ಲ ಕೆಲ್ಸ ಫ್ರಿಜ್ ಆಫ್ ಮಾಡೋದು, ನಾನು ಅದಕ್ಕೇ ಮೈಕ್ ಇಟ್ಟು ಹದಿನೈದು ನಿಮಿಷ ರೆಕಾರ್ಡ್ ಮಾಡ್ಕೊಂಡೆ. ಅದನ್ನ ಮಾತ್ರ ಫೇಡ್ ಮಾಡಲ್ಲ, ಒಂದೇ ಫ್ರೇಮಲ್ಲಿ ಕಟ್. ಹಳ್ಳೀಲಿ ಬೆಳೆದ ಯಾರಿಗೇ ಆಗ್ಲಿ ಕರೆಂಟ್ ಹೋದಾಗಿನ ಆ ಕ್ಷಣ ಗೊತ್ತು, ಅಲ್ಲೀವರೆಗೆ ಒಂದು ಸದ್ದಿತ್ತು ಅನ್ನೋದು ಅದು ನಿಂತ್ಮೇಲೇ ತಿಳಿಯತ್ತೆ.

ಮೊದ್ಲ ವರ್ಷನ್ನಲ್ಲಿ ಕಟ್ ಆದ್ಮೇಲೆ ಪೂರ್ತಿ ಸೊನ್ನೆ ಇತ್ತು. ನೋಡಿದವ್ರೆಲ್ಲ ಇಯರ್‌ಫೋನ್ ಲೂಸ್ ಆಯ್ತು ಅಂದ್ಕೊಂಡು ಮುಟ್ಟಿ ನೋಡ್ಕೊಂಡ್ರು, ಮೂಡೇ ಹೋಯ್ತು. ಆಮೇಲೆ ನಡುಮನೆ ಗೋಡೆಗೆಲ್ಲ ಕಂಬಳಿ ನೇತಾಕಿ ಬರೀ ರೂಮ್ ಟೋನ್ (ಯಾರೂ ಮಾತಾಡದೇ ಇದ್ದಾಗಿನ ರೂಮಿನ ಸದ್ದು) ರೆಕಾರ್ಡ್ ಮಾಡಿ ಅದನ್ನ ಕೇಳಿಯೂ ಕೇಳದಷ್ಟು ಇಟ್ಟೆ. ಕಂಬಳಿಯಿಂದ ಪ್ರತಿಧ್ವನಿ ಸತ್ತು ಹೋಗಿರತ್ತೆ, ಕಣ್ಣಿಗೆ ದೊಡ್ಡ ಹಾಲ್ ಕಾಣ್ತಿದ್ರೆ ಕಿವಿಗೆ ಪೆಟ್ಟಿಗೆ ಒಳಗೆ ಕೂತಂಗೆ. ಈ ಎರಡಕ್ಕೂ ತಾಳೆ ಆಗ್ದೇ ಇದ್ದಾಗ ಹುಟ್ಟೋ ಕಸಿವಿಸಿ ಯಾವ ಮೇಕಪ್ಪಲ್ಲೂ ಬರಲ್ಲ.

ಪಿಕ್ಚರ್ ಕಡೇನೂ ಅದೇ ಲೆಕ್ಕ. ದೇವರ ಮನೇಲಿರೋ ಕೆಂಪು ಜೀರೋ ಕ್ಯಾಂಡಲ್ ಬಲ್ಬ್, ಜಗಲೀಲಿ ಒಂದು 40 ವಾಟ್ ಬಲ್ಬ್, ಇವೆರಡೇ ಲೈಟು. ಬಾಡಿಗೆಗೆ ತಂದಿದ್ದ ಎಲ್‌ಇಡಿ ಪ್ಯಾನೆಲ್ ಬ್ಯಾಗಿಂದ ಹೊರಗೇ ಬರ್ಲಿಲ್ಲ. ಮನೆ ಯಜಮಾನ್ರು ಬಂದು ಮಾನಿಟರ್ ನೋಡಿ "ಇಷ್ಟು ಕತ್ಲೇಲಿ ಎಂಥ ಕಾಣ್ತದೆ ಮಾರಾಯ" ಅಂದ್ರು. ಕ್ಯಾಮೆರಾ ಅಲ್ಲಾಡಿಸ್ಲೇ ಇಲ್ಲ. ನಟಿಯನ್ನ ಫ್ರೇಮಿನ ಎಡ ಮೂಲೇಲಿ ಕೂರಿಸಿ, ಬಲಕ್ಕೆ ಅಟ್ಟದ ಮೆಟ್ಟಿಲು, ಅದರ ಬಾಗಿಲು ಅರ್ಧ ತೆಗೆದು ಒಳಗೆ ಕಪ್ಪು. ಒಂದು ನಿಮಿಷದ ಮೇಲೆ ಅದೇ ಶಾಟ್. ಬಾಗಿಲಿಂದ ಯಾರೂ ಬರಲ್ಲ. ಆದ್ರೆ ಸೌಂಡ್ ಖಾಲಿ ಆಗ್ತಾ ಆಗ್ತಾ ಎಲ್ಲರ ಕಣ್ಣೂ ತಾನಾಗೇ ಆ ಕಪ್ಪಿಗೆ ಹೋಗಿ ಅಂಟ್ಕೊಳತ್ತೆ, ಅಲ್ಲಿ ಏನೂ ಇಲ್ದಿದ್ರೂ ಏನೋ ಅಲ್ಲಾಡ್ತು ಅಂತ ಆಣೆ ಮಾಡಿ ಹೇಳಿದವ್ರಿದಾರೆ.

ಒಂದು ಎಚ್ಚರಿಕೆ, ಯೂಟ್ಯೂಬಿಗೆ ಹಾಕಿದ್ರೆ ಕಂಪ್ರೆಶನ್ನಲ್ಲಿ (ಫೈಲ್ ಚಿಕ್ಕದು ಮಾಡೋವಾಗ) ಕಪ್ಪು ಜಾಗ ಎಲ್ಲ ಪಟ್ಟೆ ಪಟ್ಟೆ ಆಗತ್ತೆ. ಎಕ್ಸ್‌ಪೋರ್ಟಿಗೆ ಮುಂಚೆ ಸ್ವಲ್ಪ ಗ್ರೇನ್ (ಹಳೇ ಫಿಲ್ಮಲ್ಲಿ ಕಾಣೋ ಸಣ್ಣ ಚುಕ್ಕೆಗಳು) ಹಾಕಿ, ಪಟ್ಟೆ ತುಂಬಾ ಕಮ್ಮಿ ಆಗತ್ತೆ, ಜೊತೆಗೆ ಆ ಗ್ರೇನ್ ಕತ್ಲೇಲಿ ಹುಳ ಹರಿದಾಡಿದಂಗೆ ಕಂಡು ನಮಗೇ ಲಾಭ.

ಮಧ್ಯೆ ಒಂದಷ್ಟು ಆಟಾನೂ ಆಡಿದೆ. 19 ಹರ್ಟ್ಜ್ ಸೌಂಡ್ ಹಾಕಿದ್ರೆ ದೆವ್ವ ಕಂಡಂಗಾಗತ್ತೆ ಅಂತ ಒಬ್ರು ಹೇಳಿದ್ರು, ಸಬ್‌ವೂಫರ್ (ತಗ್ಗು ಸದ್ದಿನ ಸ್ಪೀಕರ್) ಬಾಡಿಗೆಗೆ ತಂದೆ, ಸಾವಿರದ ಚಿಲ್ರೆ ಕೊಟ್ಟು. ಆ ಡಬ್ಬ 35-40 ಹರ್ಟ್ಜ್ ಕೆಳಗೆ ಇಳಿಯೋದೇ ಇಲ್ಲ, ಕಿಟಕಿ ಗಾಜು ಗಲಗಲ ಅಂದಿದ್ದೇ ಬಂತು. ಜೀರುಂಡೆ ಸದ್ದನ್ನ 96 ಕಿಲೋಹರ್ಟ್ಜ್ ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನ ಅಳೆಯೋ ಸೆಟ್ಟಿಂಗ್) ರೆಕಾರ್ಡ್ ಮಾಡಿ ಎಂಟು ಪಟ್ಟು ನಿಧಾನ ಮಾಡಿದ್ದು ಮಾತ್ರ ಭರ್ಜರಿ ಬಂತು, ದೇವಸ್ಥಾನದಲ್ಲಿ ಹೆಂಗಸ್ರು ಗುಂಪಾಗಿ ರಾಗ ಎಳೆದಂಗೆ ಕೇಳತ್ತೆ. ಈ ಫಿಲ್ಮಲ್ಲಿ ಹಾಕ್ಲಿಲ್ಲ, ಮುಂದಿನದಕ್ಕೆ ಎತ್ತಿಟ್ಟಿದೀನಿ. ಪಿಸುಮಾತು ಬೇಕಿದ್ದಾಗ ಪ್ಲಗಿನ್ (ಸೌಂಡ್ ಬದಲಾಯಿಸೋ ಸಾಫ್ಟ್‌ವೇರ್) ಮುಟ್ಲಿಲ್ಲ, ಚಿಕ್ಕ ಬ್ಲೂಟೂತ್ ಸ್ಪೀಕರನ್ನ ಬಚ್ಚಲಿನ ತಾಮ್ರದ ಹಂಡೆ ಒಳಗೆ ಇಳಿಸಿ, ಪ್ಲೇ ಮಾಡಿ, ಹಂಡೆ ಬಾಯಲ್ಲಿ ಮೈಕ್ ಹಿಡಿದು ಮತ್ತೆ ರೆಕಾರ್ಡ್ ಮಾಡಿದೆ. ಮೂಳೆ ಮುರಿಯೋ ಸದ್ದಿಗೆ ಒಣ ಅಡಿಕೆ ಹಾಳೆ ಬಳಸಿದೆ, ಖರ್ಚು ಸೊನ್ನೆ.

ಮಿಕ್ಸಿಂಗ್ ಮಾಡೋವಾಗ ಮೊಬೈಲ್ ಸ್ಪೀಕರ್ ಮರೀಬೇಡಿ. 50 ಹರ್ಟ್ಜ್ ಗುಂಯ್ ಅದ್ರಲ್ಲಿ ಕೇಳೋದೇ ಇಲ್ಲ, ಅದಕ್ಕೆ ಫ್ರಿಜ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನ ಸ್ವಲ್ಪ ಒಡೆಯೋ ಎಫೆಕ್ಟ್) ಕೊಟ್ಟು ಮೇಲಿನ ಹಾರ್ಮೋನಿಕ್ಸ್ (ಅದೇ ಸದ್ದಿನ ಇನ್ನೂ ಕೀರಲು ಪದರಗಳು) ಎಬ್ಬಿಸ್ಬೇಕು, ಇಲ್ಲಾಂದ್ರೆ ಕಟ್ ಆದ್ರೂ ಯಾರಿಗೂ ತಿಳಿಯಲ್ಲ. ಯೂಟ್ಯೂಬ್ ಜೋರಿರೋದನ್ನ ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಸದ್ದಿನ ಜೋರಿನ ಅಳತೆ) ಸುತ್ತ ತಗ್ಗಿಸತ್ತೆ, ಮೆತ್ತಗಿರೋದನ್ನ ಸಾಮಾನ್ಯವಾಗಿ ಏರಿಸಲ್ಲ. ನಂದು ಮೈನಸ್ 22ರ ಹತ್ರ ಇತ್ತು, ಎಡಿಟರ್ ತುಂಬಾ ಹೆದರಿದ್ದ, ನಾನು ಹಾಗೇ ಬಿಟ್ಟೆ. ಕೇಳ್ಸಲ್ಲ ಅಂತ ಜನ ತಾವೇ ವಾಲ್ಯೂಮ್ ಏರಿಸ್ಕೊಂಡು ಕಿವಿ ಕೊಡ್ತಾರೆ, ಅಲ್ಲೇ ನಮಗೆ ಅರ್ಧ ಕೆಲ್ಸ ಆಯ್ತು.

ಬೆಂಗ್ಳೂರಲ್ಲಿ ಒಂದು ಚಿಕ್ಕ ಹಾಲಲ್ಲಿ 40-50 ಜನಕ್ಕೆ ತೋರಿಸಿದ್ವಿ, ಫ್ರಿಜ್ ಕಟ್ ಆದಾಗ ಮುಂದಿನ ಸಾಲಿನ ಒಬ್ರು ತಿರುಗಿ ಬಾಗಿಲು ನೋಡಿದ್ರು, ಅವ್ರನ್ನ ನೋಡಿ ಪಕ್ಕದವ್ರೂ ತಿರುಗಿದ್ರು. ಎಡಿಟರ್ ಈಗ ಇನ್ನೊಬ್ರ ಪ್ರಾಜೆಕ್ಟಿಗೆ ಫ್ರಿಜ್ ಟ್ರ್ಯಾಕ್ ಕೇಳ್ತಿದಾನೆ, ಕೊಟ್ಟಿಲ್ಲ, ಅವ್ನ ಮನೇಲೂ ಫ್ರಿಜ್ ಇದೆ.