ಹೊಸ ಪಾಪ್ ಪಂಕ್ ತಂಡವನ್ನೂ ಅದರ ಹೊಸ ಹಾಡನ್ನೂ ಪರಿಚಯಿಸುವ ಬರಹ ಬರೆಯುವುದು ಹೇಗೆ?

ಹೆಸರೇ ಕೇಳಿರದ ತಂಡವೊಂದರ ಬಗ್ಗೆ ಓದಲು ಕುಳಿತವರಿಗೆ ಮೊದಲು ಬೇಕಾಗಿರುವುದು, ಈ ಹಾಡಿಗೆ ತಮ್ಮ ಮೂರು ನಿಮಿಷ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ. ಆದ್ದರಿಂದ ತಂಡ ಹುಟ್ಟಿದ ಕಥೆಯನ್ನು ಹಿಂದಕ್ಕಿಟ್ಟು ಹಾಡಿನಿಂದಲೇ ಆರಂಭಿಸಿ. ಹಾಡಿನೊಳಗೂ, ಈ ತಂಡದ ಸ್ವಂತದ್ದು ಎನ್ನಬಹುದಾದ ಒಂದು ಕ್ಷಣವನ್ನು ಗುರುತಿಸಿ, ಇಡೀ ಬರಹವನ್ನು ಅದರ ಸುತ್ತ ಕಟ್ಟಿ.

ಆ ಕ್ಷಣ ಒಂದೇ ಸಲ ಕೇಳಿದರೆ ಸಿಗುವುದು ಅಪರೂಪ. ಮೊದಲ ಸಲ ಏನನ್ನೂ ಬರೆದುಕೊಳ್ಳದೆ ಕೇಳಿ. ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು, ಗಮನ ಸೆಳೆದ ಜಾಗಗಳನ್ನು ನಿಮಿಷ, ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಿ. ಆಮೇಲೆ ಡ್ರಮ್ಸ್ ಮತ್ತು ಬಾಸ್‌ಗೆ ಮಾತ್ರ ಕಿವಿಗೊಟ್ಟು ಇನ್ನೊಮ್ಮೆ ಕೇಳಿದರೆ, ಗಿಟಾರಿನ ಅಬ್ಬರದಲ್ಲಿ ಮುಚ್ಚಿಹೋಗಿದ್ದ ಎಷ್ಟೋ ಸಂಗತಿಗಳು ಹೊರಬರುತ್ತವೆ.

ಏನನ್ನು ಹುಡುಕಬೇಕೆಂದು ತಿಳಿಯಲು, ಪಂಕ್ ರಾಕ್‌ನ ವೇಗಕ್ಕೆ ಪಾಪ್ ಹಾಡಿನ ಇಂಪು ಬೆರೆತ ಈ ಪ್ರಕಾರದ ಅಚ್ಚು ಗೊತ್ತಿರಬೇಕು. ಪಾಪ್ ಪಂಕ್ ಗಿಟಾರಿನ ಜೀವಾಳ ಪವರ್ ಕಾರ್ಡ್. ಅದರಲ್ಲಿರುವುದು ಮೂಲಸ್ವರ ಮತ್ತು ಪಂಚಮ ಮಾತ್ರ. ಉಲ್ಲಾಸದ ಛಾಯೆಯ ಮೇಜರ್ ಯಾವುದು, ವಿಷಾದದ ಛಾಯೆಯ ಮೈನರ್ ಯಾವುದು ಎಂದು ಹೇಳುವ ನಡುವಿನ ಸ್ವರವೇ ಇಲ್ಲದಿರುವುದರಿಂದ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಹೆಚ್ಚು ಹಾಕಿದರೂ ಅದು ಅಷ್ಟಾಗಿ ಕಲಸಿಹೋಗುವುದಿಲ್ಲ, ಮತ್ತು ಹಾಡಿನ ಭಾವವನ್ನು ನಿರ್ಧರಿಸುವ ಹೊಣೆ ಬಹುಮಟ್ಟಿಗೆ ಗಾಯಕರ ದನಿಯ ಮೇಲೆ ಬೀಳುತ್ತದೆ. ಚರಣದಲ್ಲಿ ಅಂಗೈಯಿಂದ ತಂತಿಗಳನ್ನು ಅದುಮಿ ನುಡಿಸಿ, ಪಲ್ಲವಿ ಬಂದಾಗ ಕೈ ಎತ್ತಿ ಪೂರ್ತಿ ತೆರೆದುಬಿಡುವುದು ವಾಡಿಕೆ. ಬ್ರಿಡ್ಜ್‌ನಲ್ಲಿ, ಅಂದರೆ ಚರಣ, ಪಲ್ಲವಿಗಳಿಗಿಂತ ಬೇರೆ ಧಾಟಿಯಲ್ಲಿ ನಡುವೆ ಬರುವ ಭಾಗದಲ್ಲಿ, ಅನೇಕ ತಂಡಗಳು ಹಾಫ್ ಟೈಮ್‌ಗೆ ಇಳಿಯುತ್ತವೆ: ಹಾಡಿನ ಲಯ ಅಷ್ಟೇ ಇದ್ದರೂ, ಎರಡು ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತಿದ್ದ ಸ್ನೇರ್ ಡ್ರಮ್ಮಿನ ಪೆಟ್ಟು ಮೂರನೆಯದಕ್ಕೆ ಮಾತ್ರ ಬಿದ್ದು, ಎಲ್ಲವೂ ಭಾರವಾಗಿ ನಿಧಾನಿಸಿದಂತೆ ಕೇಳಿಸುತ್ತದೆ.

ಇವೆಲ್ಲ ಎಲ್ಲ ತಂಡಗಳಿಗೂ ಸೇರಿದ ಆಸ್ತಿಯಾದ್ದರಿಂದ, ‘ವೇಗದ ಗಿಟಾರ್, ಬಾಯಿಗೆ ಕೂರುವ ಪಲ್ಲವಿ’ ಎಂದು ಬರೆದರೆ ಯಾವ ತಂಡವನ್ನೂ ಪರಿಚಯಿಸಿದಂತಾಗುವುದಿಲ್ಲ. ಅಚ್ಚು ಎಲ್ಲಿ ಮುರಿಯಿತು ಎಂಬುದನ್ನು ಹೇಳಿ. ‘ಪಲ್ಲವಿ ಬಂದರೂ ಗಿಟಾರ್ ಅದುಮಿದಂತೆಯೇ ಉಳಿಯುತ್ತದೆ, ಕೊನೆಯ ಆವರ್ತನೆಯಲ್ಲಿ ಮಾತ್ರ ಅದು ತೆರೆದುಕೊಂಡಾಗ, ಅದುವರೆಗೆ ತಡೆದಿಟ್ಟ ಸಿಟ್ಟು ಒಮ್ಮೆಗೇ ಹೊರಬರುತ್ತದೆ’ ಎಂಬಂಥ ವಾಕ್ಯವನ್ನು ಓದಿದವರು ಹಾಡನ್ನು ಹುಡುಕಿಕೊಂಡು ಹೋಗುತ್ತಾರೆ.

ಹೆಸರಾಂತ ತಂಡಗಳ ಜೊತೆಗಿನ ಹೋಲಿಕೆಯನ್ನು ಎಚ್ಚರದಿಂದ ಬಳಸಿ. ‘ಗ್ರೀನ್ ಡೇ ಶೈಲಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. 1994ರಲ್ಲಿ ‘ಡೂಕಿ’ ಆಲ್ಬಮ್ ತಂದ ಗ್ರೀನ್ ಡೇ ಬೇರೆ, ಒಂಬತ್ತು ನಿಮಿಷ ಮೀರುವ ಹಾಡುಗಳಿರುವ ‘ಅಮೆರಿಕನ್ ಈಡಿಯಟ್’ ಅನ್ನು 2004ರಲ್ಲಿ ತಂದ ಗ್ರೀನ್ ಡೇ ಬೇರೆ. ಇಬ್ಬರು ಗಾಯಕರು ಸಾಲುಗಳನ್ನು ಹಂಚಿಕೊಳ್ಳುವ ರೀತಿ ಬ್ಲಿಂಕ್-182ರ ಮಾರ್ಕ್ ಹಾಪಸ್, ಟಾಮ್ ಡಿಲಾಂಜ್ ಜೋಡಿಯನ್ನು ನೆನಪಿಸುತ್ತದೆ ಎಂದು ಬರೆದರೆ ಓದುಗರಿಗೆ ಒಂದು ಹಿಡಿ ಸಿಗುತ್ತದೆ. ಹೆಣ್ಣು ದನಿ ಕೇಳಿದ ಕೂಡಲೇ, ಗಾಯಕಿಯೊಬ್ಬರು ಮುಂದಾಳಾಗಿರುವ ಪ್ಯಾರಮೋರ್ ತಂಡದ ಹೆಸರು ತರುವ ಚಾಳಿಯನ್ನಂತೂ ಬಿಟ್ಟೇಬಿಡಬೇಕು. ಅದು ಆ ಗಾಯಕಿಗೆ ಮಾಡುವ ಅನ್ಯಾಯ.

ತಂಡದ ವಿವರಕ್ಕೆ ಒಂದು ಪ್ಯಾರಾ ಸಾಕು: ಯಾರು ಏನು ನುಡಿಸುತ್ತಾರೆ, ಹಾಡು ಬರೆದವರು ಯಾರು, ನಿರ್ಮಾಣ ಯಾರದು, ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಯಾರದು, ಬಿಡುಗಡೆ ಯಾವತ್ತು. ಹೆಸರುಗಳ ಉಚ್ಚಾರಣೆಯನ್ನು ತಂಡದವರಿಂದಲೇ ಖಚಿತಪಡಿಸಿಕೊಳ್ಳಿ. ಪತ್ರಿಕಾ ಪ್ರಕಟಣೆಯಿಂದ ಸಂಗತಿಗಳನ್ನು ತೆಗೆದುಕೊಳ್ಳಬಹುದು, ವಿಶೇಷಣಗಳನ್ನಲ್ಲ.

ಮಾತನಾಡಲು ಅವಕಾಶ ಸಿಕ್ಕರೆ ‘ನಿಮಗೆ ಸ್ಫೂರ್ತಿ ಯಾರು’ ಎಂದು ಕೇಳಬೇಡಿ; ಅದಕ್ಕೆ ಉತ್ತರ ಆಗಲೇ ಬಾಯಿಪಾಠವಾಗಿರುತ್ತದೆ. ಎರಡನೆಯ ಚರಣದಲ್ಲಿ ಗಿಟಾರ್ ನಿಲ್ಲಿಸಿದ್ದು ಯಾರ ಯೋಚನೆ ಎಂದು ಕೇಳಿದರೆ, ತಾಲೀಮಿನ ಕೋಣೆಯಲ್ಲಿ ನಡೆದ ವಾದವೇ ಹೊರಬರಬಹುದು.

ಕೊರತೆ ಕಂಡರೆ ಅದನ್ನೂ ಬರೆಯಿರಿ. ಮಿಕ್ಸ್‌ನಲ್ಲಿ ದನಿ ಹೂತುಹೋಗಿ ಸಾಹಿತ್ಯ ಕೇಳಿಸುತ್ತಿಲ್ಲವೆಂದರೆ, ಬೆಳೆಯುತ್ತಿರುವ ತಂಡಕ್ಕೆ ಆ ಮಾತು ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಡಿನ ಸಾಹಿತ್ಯವನ್ನು ಪೂರ್ತಿ ಎತ್ತಿ ಹಾಕದೆ ಒಂದೆರಡು ಸಾಲಿಗೆ ನಿಲ್ಲಿಸಿ; ಬಿಡುಗಡೆಗೆ ಮುಂಚೆ ಕಳುಹಿಸಿದ ಹಾಡಾದರೆ ತಂಡ ಹೇಳಿದ ದಿನದವರೆಗೆ ಬರಹವನ್ನು ತಡೆಹಿಡಿಯಿರಿ. ಹಾಡಿನ ಕೊಂಡಿಯನ್ನು ಬರಹದ ಕೊನೆಗೆ ತಳ್ಳದೆ, ನೀವು ಆರಿಸಿಕೊಂಡ ಆ ಕ್ಷಣದ ವಿವರಣೆಯ ಬೆನ್ನಿಗೇ ಇಟ್ಟು, ಅದು ಎಷ್ಟನೆಯ ಸೆಕೆಂಡಿನಲ್ಲಿ ಬರುತ್ತದೆ ಎಂಬುದನ್ನೂ ನಮೂದಿಸಿ.