ಹಳೆ ಪತ್ರಿಕೆ ಕೊಳ್ಳುವಾಗ ನಾನು ನೋಡುವುದೇನು

ಹಳೆಯದಾದಷ್ಟೂ ಬೆಲೆ ಜಾಸ್ತಿ. ಶುರುವಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅದನ್ನೇ ನಂಬಿ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಗಳ ಮೂರು ಪೆಟ್ಟಿಗೆ ಮನೆಗೆ ತಂದೆ. ಎಲ್ಲ 1960, 70ರ ದಶಕದವು. ಮಾರಲು ಹೊರಟರೆ ಕೇಳುವವರೇ ಇರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಆ ಹಳದಿ ಅಂಚಿನ ಪತ್ರಿಕೆಯನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ತಿಂಗಳಿಗೆ ಲಕ್ಷಗಟ್ಟಲೆ ಪ್ರತಿ ಅಚ್ಚಾಗುತ್ತಿತ್ತು, ಕೊಂಡವರೆಲ್ಲ ಜೋಪಾನವಾಗಿ ಜೋಡಿಸಿಟ್ಟರು. 1888ರ ಅಕ್ಟೋಬರ್‌ನ ಮೊದಲ ಸಂಚಿಕೆಯ ಮಾತೇ ಬೇರೆ. ಆಗ ಅದು ಒಂದು ಸಣ್ಣ ಸಂಘದ ಸದಸ್ಯರಿಗಾಗಿ ಬಂದ ಪತ್ರಿಕೆ.

ಆಮೇಲಿಂದ ನಾನು ಹುಡುಕುವುದು ಜನ ಓದಿ ಬಿಸಾಡಿದ್ದನ್ನು. ‘ಎಲೆಕ್ಟ್ರಾನಿಕ್ಸ್’ ಅಂತ ಒಂದು ಪತ್ರಿಕೆ ಇತ್ತು. ಅದರ 1965ರ ಏಪ್ರಿಲ್ 19ರ ಸಂಚಿಕೆಯಲ್ಲಿ ಗಾರ್ಡನ್ ಮೂರ್ ಬರೆದ ಒಂದು ಲೇಖನವಿದೆ. ಎಲೆಕ್ಟ್ರಾನಿಕ್ ಚಿಪ್‌ನೊಳಗಿನ ಭಾಗಗಳ ಸಂಖ್ಯೆ ವರ್ಷ ವರ್ಷ ಹೇಗೆ ಏರುತ್ತದೆ ಅಂತ ಅವರು ಲೆಕ್ಕ ಹಾಕಿದ್ದು ಅಲ್ಲೇ. ವೃತ್ತಿಯವರು ಓದುವ ಪತ್ರಿಕೆ, ಓದಿದರು, ರದ್ದಿಗೆ ಹಾಕಿದರು. 2005ರಲ್ಲಿ ಇಂಟೆಲ್ ಕಂಪನಿ ಅದರ ಒಂದು ಒಳ್ಳೆಯ ಪ್ರತಿಗೆ 10,000 ಡಾಲರ್ ಕೊಡುತ್ತೇವೆ ಎಂದಿತು. ಮೂರ್ ಆ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಕೊನೆಗೆ ಪ್ರತಿ ಸಿಕ್ಕಿದ್ದು ಇಂಗ್ಲೆಂಡಿನ ಒಬ್ಬ ಎಂಜಿನಿಯರ್ ಮನೆಯಲ್ಲಿ, ನೆಲದ ಹಲಗೆಗಳ ಕೆಳಗೆ! ಈ ಕಥೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಸಂಚಿಕೆ ಕೈಗೆ ಬಂದ ಕೂಡಲೇ ಪುಟ ಎಣಿಸುತ್ತೇನೆ. ಮುಖಪುಟ ಚೆನ್ನಾಗಿದ್ದರೂ ನಡುವಿನ ಹಾಳೆ ಪಿನ್ನಿನಿಂದ ಕಿತ್ತು ಬಂದಿರಬಹುದು. ಒಟ್ಟು ಸೇರಿಸಿ ಬೈಂಡ್ ಮಾಡಿಸಿದ ಸಂಪುಟ ನೋಡಲು ಚೆಂದ, ಆದರೆ ಎಷ್ಟೋ ಸಲ ಮುಖಪುಟ, ಜಾಹೀರಾತು ತೆಗೆದು, ಅಂಚು ಕತ್ತರಿಸಿ ಹೊಲಿದಿರುತ್ತಾರೆ. ಜಾಹೀರಾತು ಹೋದರೆ ಆ ಕಾಲದ ಅರ್ಧ ಬದುಕೇ ಹೋದಂತೆ, ಅಲ್ವಾ?

ನಾನೂ ಒಂದು ತಪ್ಪು ಮಾಡಿದ್ದೇನೆ. ಒಂದು ಸಂಚಿಕೆಯ ಹರಿದ ಬೆನ್ನಿಗೆ ಸೆಲ್ಲೋಟೇಪ್ ಅಂಟಿಸಿದೆ. ಕೆಲವೇ ವರ್ಷಗಳಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಕ್ಕೆ ಇಳಿಯಿತು. ಈಗ ಹರಿದದ್ದನ್ನು ಹಾಗೇ ಬಿಡುತ್ತೇನೆ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ಬೆಳಕು ತಗುಲಿದರೆ ಬೇಗ ಹಳದಿಯಾಗಿ ಪುಡಿಪುಡಿಯಾಗುತ್ತದೆ. 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಥರದ ಕಥಾ ಪತ್ರಿಕೆಗಳಿಗೆ ಪಲ್ಪ್ ಅನ್ನುವ ಹೆಸರು ಬಂದದ್ದೇ ಈ ಕಾಗದದಿಂದ. ಇವನ್ನು ಪಾಲಿಯೆಸ್ಟರ್ ಚೀಲದಲ್ಲಿ, ಹಿಂದೆ ಆಮ್ಲವಿಲ್ಲದ ರಟ್ಟು ಕೊಟ್ಟು, ಕತ್ತಲಲ್ಲಿ ಮಲಗಿಸಿಡುತ್ತೇನೆ. ಪಿವಿಸಿ ಚೀಲ ಬೇಡವೇ ಬೇಡ.

ನನ್ನಲ್ಲಿರುವ ಒಂದು ಪಲ್ಪ್ ಸಂಚಿಕೆಯಲ್ಲಿ ಯಾರೋ ಕೂಪನ್ ಕತ್ತರಿಸಿಕೊಂಡಿದ್ದರು. ಅದರ ಹಿಂಬದಿಯಲ್ಲೇ ಕಥೆಯ ಕೊನೆಯ ಸಾಲುಗಳಿದ್ದವು. ನಾಲ್ಕು ವರ್ಷ ಹುಡುಕಿ ಇಡೀ ಪ್ರತಿ ಕೊಂಡೆ. ಮನೆಗೆ ತಂದವನು ಪುಟ ಎಣಿಸಲಿಲ್ಲ, ಮೊದಲು ಆ ಕೊನೆ ಓದಿದೆ. ಕೂಪನ್ ಇಲ್ಲದ ಪ್ರತಿಯನ್ನೂ ಮಾರಿಲ್ಲ. ಎರಡೂ ಒಂದೇ ಚೀಲದಲ್ಲಿವೆ.